ಮೈಕ್ ಆಮೇಲೆ, ಮೊದಲು ಕೌದಿ

(ವಿಜಯಪುರದಲ್ಲಿ ಹವ್ಯಾಸಿ ಹಾಡುಗಾರರು ಸೇರಿದ್ದ ಒಂದು ಸಂಜೆ ಮಾಡಿದ ಉಪನ್ಯಾಸ)

ಹಿರಿಯರೇ, ಅಕ್ಕಂದಿರೇ, ತಮ್ಮಂದಿರೇ, ಎಲ್ಲರಿಗೂ ನಮಸ್ಕಾರ.

ಪರಿಚಯ ಮಾಡಿಕೊಡುವಾಗ ನನ್ನನ್ನು ಸಂಗೀತ ನಿರ್ದೇಶಕರು ಅಂದರು. ಹಾಗೇನೂ ಇಲ್ಲ. ನಾನು ಬನಹಟ್ಟಿಯ ಒಂದು ನೂಲಿನ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಹಗಲೆಲ್ಲ ನೂಲು, ಉದ್ರಿ, ಜಿಎಸ್‌ಟಿ. ರಾತ್ರಿ ಊಟ ಆದ ಮೇಲೆ ಹಾರ್ಮೋನಿಯಂ, ಲ್ಯಾಪ್‌ಟಾಪ್, ಒಂದು ಮೈಕ್. ಇದರಿಂದ ಇದುವರೆಗೆ ರೊಕ್ಕ ಬಂದಿಲ್ಲ, ಹೋಗಿದೆ. ಇಲ್ಲಿ ಕೂತವರಲ್ಲಿ ಅರ್ಧ ಜನರ ಕಥೆಯೂ ಇದೇ ಅಲ್ವಾ?

ಈಗ ಚಹಾ ಕುಡಿಯುವಾಗ ಕೆಲವು ಹುಡುಗರು ಬಂದು ಸುತ್ತ ನಿಂತರು. ಎಲ್ಲರದೂ ಒಂದೇ ಪ್ರಶ್ನೆ. "ಸರ್, ಯಾವ ಮೈಕ್ ತಗೋಬೇಕ್ರಿ?" ನಾನು ಚೀಟಿಯಲ್ಲಿ ಐದು ವಿಷಯ ಬರೆದುಕೊಂಡು ಬಂದಿದ್ದೇನೆ. ಆದರೆ ನಿಜ ಹೇಳಬೇಕೆಂದರೆ ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಮೈಕ್ ಬದಲಿಸಬೇಡಿ, ಮೈಕಿನ ಜಾಗ ಬದಲಿಸಿ.

ನಿಮ್ಮೂರಲ್ಲಿ ಗೋಳಗುಮ್ಮಟ ಇದೆ. ಧ್ವನಿ ಎಂದರೇನು ಅಂತ ವಿಜಯಪುರದವರಿಗೆ ನಾನು ಹೇಳಿಕೊಡುವುದೇ ಒಂದು ತಮಾಷೆ. ಹೊರಗಿನಿಂದ ಅಳೆದರೆ 44 ಮೀಟರ್ ಅಗಲದ ಗುಮ್ಮಟ. ಒಳಗಿನ ಗ್ಯಾಲರಿಯಲ್ಲಿ ಈ ಕಡೆ ಪಿಸುಗುಟ್ಟಿದರೆ ಆ ಕಡೆ ಕೇಳುತ್ತದೆ. ಒಂದು ಚಪ್ಪಾಳೆ ಏಳು ಸಲ ಮರಳಿ ಬರುತ್ತದೆ ಅಂತ ಗೈಡ್‌ಗಳು ಹೇಳುತ್ತಾರೆ. ಎಣಿಸಿ ನೋಡೋಣ ಅಂದರೆ ಈಗ ಆಗುವುದಿಲ್ಲ, ನಾಲ್ಕು ಸಾಲೆಯ ಮಕ್ಕಳು ಒಟ್ಟಿಗೆ ಕೂಗುತ್ತಿರುತ್ತಾರೆ! ಅಲ್ಲಿ ಜಗತ್ತಿನ ಅತಿ ದುಬಾರಿ ಮೈಕ್ ಇಟ್ಟು ಒಂದು ವಚನ ಹಾಡಿ. ಏನು ಸಿಗುತ್ತದೆ? ಬರೀ ಗೊಂದಲ. ಮೈಕ್ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತದೆ. ಗುಮ್ಮಟ ಹೇಳಿದ್ದನ್ನೂ ಅದು ಬರೆದುಕೊಂಡಿರುತ್ತದೆ, ಅಷ್ಟೇ.

ನಮ್ಮ ಮನೆಯ ಕೋಣೆಯಲ್ಲೂ ಆಗುವುದು ಇದೇ. ಹತ್ತು ಅಡಿಗೆ ಹತ್ತು ಅಡಿ, ಮೇಲೆ ಸ್ಲ್ಯಾಬ್, ಕೆಳಗೆ ಟೈಲ್ಸ್, ನುಣುಪು ಗೋಡೆ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮೂರು ಮೀಟರ್ ದೂರದ ಗೋಡೆ ಅದಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗದ ದಾರಿ. ಗುಮ್ಮಟದಲ್ಲಿ ಪ್ರತಿಧ್ವನಿ ಬೇರೆಯಾಗಿ ಕೇಳುತ್ತದೆ. ಸಣ್ಣ ಕೋಣೆಯಲ್ಲಿ ಅದು ಎಷ್ಟು ಬೇಗ ಮರಳುತ್ತದೆ ಅಂದರೆ ಕಿವಿಗೆ ಬೇರೆ ಅನ್ನಿಸುವುದೇ ಇಲ್ಲ. ದನಿಗೇ ಮೆತ್ತಿಕೊಳ್ಳುತ್ತದೆ. ಕೇಳಿದವರು ಡಬ್ಬಿಯೊಳಗೆ ಕೂತು ಹಾಡಿದಂಗೆ ಐತಿ ಅನ್ನುತ್ತಾರೆ. ಹುಡುಗ ಮೈಕ್ ಸರಿಯಿಲ್ಲ ಅಂದುಕೊಂಡು ಇನ್ನೊಂದಕ್ಕೆ ಆರ್ಡರ್ ಹಾಕುತ್ತಾನೆ. ಹೊಸದು ಮೊದಲಿನದಕ್ಕಿಂತ ಸೂಕ್ಷ್ಮ, ಆ ಡಬ್ಬಿಯನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ.

ಹಾಗಾದರೆ ಏನು ಮಾಡಬೇಕು? ನಿಮ್ಮ ಮನೆಯಲ್ಲಿ ಕೌದಿ ಇದೆ. ಅಜ್ಜಿ ಹಳೆ ಸೀರೆ, ಧೋತರ ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದದ್ದು. ಅದನ್ನು ಹಾಡುವವನ ಹಿಂದೆ ಒಂದು, ಪಕ್ಕದಲ್ಲಿ ಒಂದು ಕಟ್ಟಿ. ಗೋಡೆಗೆ ಅಂಟಿಸಬೇಡಿ. ನಾಲ್ಕು ಬೆರಳು ಬಿಟ್ಟು ಹಗ್ಗಕ್ಕೆ ಹಾಕಿ, ಇನ್ನೂ ಒಳ್ಳೆಯದು. ಹಾಡುವವನ ಹಿಂದೆ ಯಾಕೆ ಅಂದರೆ, ಮೈಕಿನ ಮುಖ ಇರುವುದು ಆ ಕಡೆ. ಬಾಯಿಂದ ಹೊರಟ ದನಿ ಕೋಣೆ ಸುತ್ತಿ, ಅವನ ಬೆನ್ನ ಹಿಂದಿನ ಗೋಡೆಗೆ ಬಡಿದು ನೆಟ್ಟಗೆ ಮೈಕಿಗೆ ಬರುತ್ತದೆ. ತಾರ ಸ್ವರದ ಕಿರಿಕಿರಿಯನ್ನೆಲ್ಲ ಕೌದಿ ನುಂಗುತ್ತದೆ. ಕೆಳಗಿನ ಗುಂಯ್ ಅನ್ನುವ ಬೇಸ್ ಅದಕ್ಕೆ ಬಗ್ಗುವುದಿಲ್ಲ, ಅದು ಮೂಲೆಗೆ ಹೋಗಿ ಕೂಡುತ್ತದೆ. ಅದಕ್ಕೆ ದಪ್ಪನೆಯದು ಬೇಕು. ಹತ್ತಿಯ ಗಾದಿ ಸುತ್ತಿ ಮೂಲೆಗೆ ನಿಲ್ಲಿಸಿ. ನಾನು ಅಂಗಡಿಯಿಂದ ನೂಲಿನ ಚೀಲ ತಂದಿಟ್ಟಿದ್ದೇನೆ. ಮಾಲೀಕರಿಗೆ ಗೊತ್ತು, ಚಿಂತೆ ಬೇಡ.

ಆಮೇಲೆ ಅಂತರ. ಇದೊಂದು ಲೆಕ್ಕ ನೆನಪಿಡಿ, ಮಿಕ್ಕಿದ್ದು ಮರೆತರೂ ನಡೆಯುತ್ತದೆ. ಬಾಯಿಗೂ ಮೈಕಿಗೂ ಒಂದು ಅಡಿ ಇದ್ದದ್ದನ್ನು ಅರ್ಧ ಅಡಿ ಮಾಡಿದರೆ ನಿಮ್ಮ ದನಿ ಸುಮಾರು 6 ಡೆಸಿಬಲ್ ಏರುತ್ತದೆ. ಕೋಣೆಯ ಗದ್ದಲ ಇದ್ದಲ್ಲೇ ಇರುತ್ತದೆ. ಪೈಸೆ ಖರ್ಚಿಲ್ಲ. ತೀರಾ ಹತ್ತಿರ ಹೋದರೆ ಬೇಸ್ ಉಬ್ಬುತ್ತದೆ, ಪ, ಫ ಅಂದಾಗ ಗಾಳಿ ಬಡಿಯುತ್ತದೆ. ಸ್ವಲ್ಪ ಓರೆಯಾಗಿ ಹಾಡಿ.

(ಸಭಾಂಗಣದ ಮೈಕ್ ಕೂಗಿತು.)

ನೋಡಿ, ಬಂತು! ಅಣ್ಣಾ, ಆ ಬಾಕ್ಸ್ ನನ್ನ ಮೈಕಿನ ಮುಖಕ್ಕೇ ನೋಡುತ್ತಿದೆ. ಸ್ವಲ್ಪ ಸಭೆಯ ಕಡೆ ತಿರುಗಿಸ್ರಿ. ಹಾಂ, ಇನ್ನಷ್ಟು. ಸಾಕು. ಈಗ ಕೂಗು ನಿಂತಿತು. ಮೈಕ್ ಬದಲಿಸಿದೆವಾ? ಇಲ್ಲ. ನಾನು ಇವರಿಗೆ ಮೊದಲೇ ಹೇಳಿ ಮಾಡಿಸಿದ್ದಲ್ಲ, ಆಣೆ ಮಾಡುತ್ತೇನೆ.

ಇನ್ನು ಗದ್ದಲದ ವಿಷಯ. ಇದರಲ್ಲಿ ಬನಹಟ್ಟಿಯವನಿಗಿಂತ ದೊಡ್ಡ ಪಂಡಿತ ಸಿಗಲಾರ. ರಬಕವಿ-ಬನಹಟ್ಟಿ ಗೊತ್ತಲ್ಲ, ಓಣಿ ಓಣಿಗೆ ಪವರ್‌ಲೂಮ್. ನನ್ನ ಕೋಣೆಯ ಹಿಂದೆ ಮಗ್ಗ, ಎದುರಿಗೆ ಮಗ್ಗ. ನಿಮಿಷಕ್ಕೆ ನೂರರ ಮೇಲೆ ಹೊಡೆತ. ಲಾಳಿ ಆ ಕಡೆ ಖಟ್, ಈ ಕಡೆ ಖಟ್. ಗದ್ದಲ ತೆಗೆಯುವ ಸಾಫ್ಟ್‌ವೇರ್ ಇದೆಯಲ್ಲ ಅನ್ನುತ್ತೀರಿ. ಇದೆ. ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ 2000ನೇ ಇಸವಿಯಿಂದ ಪುಕ್ಕಟೆ ಸಿಗುತ್ತಿದೆ, ನಾನು ಕಲಿತದ್ದೂ ಅದರಲ್ಲೇ. ಆದರೆ ಅದಕ್ಕೆ ಗದ್ದಲದ ಒಂದು ತುಣುಕು ಕೇಳಿಸಿ, ಇಂಥದ್ದನ್ನು ತೆಗಿ ಅನ್ನಬೇಕು. ಫ್ಯಾನಿನ ಸದ್ದು ಒಂದೇ ಸಮ, ಹೋಗುತ್ತದೆ. ಮಗ್ಗದ್ದು ಹೊಡೆತ, ಹೋಗುವುದಿಲ್ಲ. ಹಟ ಹಿಡಿದು ತೆಗೆದರೆ ಹಾಡುವವನೇ ನೀರೊಳಗಿಂದ ಮಾತಾಡಿದ ಹಾಗಾಗುತ್ತದೆ.

ಅದಕ್ಕೇ ನಮ್ಮ ಸ್ಟುಡಿಯೋ ಕರೆಂಟ್ ಹೋದಾಗ ತೆರೆಯುತ್ತದೆ. ಪೇಪರಿನಲ್ಲಿ ನಾಳೆ ವಿದ್ಯುತ್ ವ್ಯತ್ಯಯ ಅಂತ ಸಣ್ಣ ಸುದ್ದಿ ಬರುತ್ತದಲ್ಲ, ನಾನು ಮೊದಲು ಓದುವುದು ಅದನ್ನೇ. ಲ್ಯಾಪ್‌ಟಾಪ್ ಬ್ಯಾಟರಿ ತುಂಬಿಸಿ ಕಾಯುವುದು. ಚಾರ್ಜರ್ ಕಿತ್ತರೆ ಇನ್ನೊಂದು ಲಾಭ ಇದೆ. ಅರ್ಥಿಂಗ್ ಸರಿ ಇಲ್ಲದ ಮನೆಗಳಲ್ಲಿ ಬರುವ 50 ಹರ್ಟ್ಸ್‌ನ ಗುಂಯ್ ಎಷ್ಟೋ ಸಲ ಅದರ ಜೊತೆಗೇ ಹೋಗಿಬಿಡುತ್ತದೆ. ಕಂಡೆನ್ಸರ್ ಅನ್ನುವ ಸೂಕ್ಷ್ಮ ಮೈಕಿಗೆ 48 ವೋಲ್ಟ್ ಕೊಡಬೇಕು, ಅದೂ ಲ್ಯಾಪ್‌ಟಾಪಿನ ಬ್ಯಾಟರಿಯನ್ನೇ ತಿನ್ನುತ್ತದೆ. ವೇದಿಕೆಯಲ್ಲಿ ಹಿಡಿಯುವಂಥ ಡೈನಮಿಕ್ ಮೈಕಿಗೆ ಆ ರಗಳೆ ಇಲ್ಲ. ದೂರದ ಗದ್ದಲವನ್ನೂ ಅಷ್ಟಾಗಿ ಎಳೆದುಕೊಳ್ಳುವುದಿಲ್ಲ. ನಮ್ಮಂಥ ಮನೆಗೆ ಅದೇ ವಾಸಿ. ಆದರೆ ಒಂದು ಮಾತು. ಕರೆಂಟ್ ಹೋದರೆ ನೇಕಾರನಿಗೆ ಕೂಲಿ ಇಲ್ಲ. ಅವನಿಗೆ ನೇಯ್ದಷ್ಟಕ್ಕೆ ದುಡ್ಡು. ಅವನು ಕಟ್ಟೆ ಮೇಲೆ ಕೂತು ಬೈಯುತ್ತಿರುವಾಗ ನಾನು ಒಳಗೆ ಖುಷಿಯಿಂದ ಶ್ರುತಿ ಹಿಡಿಯುತ್ತಿರುತ್ತೇನೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮನೆಯವರ ಬಗ್ಗೆಯೂ ಹೇಳಬೇಕು. ನಮ್ಮ ಮನೆಯಲ್ಲಿ ಮೈಕಿಗೆ ಅಳಿಯ ಅಂತ ಹೆಸರು. ಅದು ಹೊರಗೆ ಬಂದರೆ ಎಲ್ಲರೂ ಸುಮ್ಮನೆ ಕೂರಬೇಕು, ಫ್ಯಾನ್ ಬಂದ್, ಕುಕ್ಕರ್ ಬಂದ್, ಮಕ್ಕಳು ಪಿಟ್ ಅನ್ನುವ ಹಾಗಿಲ್ಲ. ನಗಬೇಡಿ, ವಾದ್ಯಕ್ಕೆ ಹೆಸರಿಡುವುದು ನಿಮ್ಮೂರಿನದೇ ಪದ್ಧತಿ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ.

ಈಗ ನಮ್ಮ ಓಣಿಯ ಒಬ್ಬ ಅಜ್ಜನ ಕಥೆ. ಜನ್ಮವೆಲ್ಲ ಮಗ್ಗದಲ್ಲಿ ಕಳೆದವರು. ಮಠದ ಭಜನೆಯಲ್ಲಿ ತತ್ವಪದ ಹಾಡುತ್ತಾರೆ. ಅವರನ್ನು ರೆಕಾರ್ಡ್ ಮಾಡಬೇಕು ಅಂತ ಬೆನ್ನು ಹತ್ತಿದ್ದೆ. ಒಂದು ದಿನ ಕರೆಂಟ್ ಹೋಯಿತು, ಅಜ್ಜ ಬಂದರು. ಬೇಸಿಗೆ. ಫ್ಯಾನಿಲ್ಲ, ಸುತ್ತ ಕೌದಿ. ಒಳಗೆ ಬಂದವರೇ, "ಏನಲೇ ಇದು, ಬಾಣಂತಿ ಖೋಲಿ ಮಾಡಿಯಲ್ಲ!" ಅಂದರು. ಹೆಡ್‌ಫೋನ್ ಹಾಕಲು ಹೋದೆ. "ಕಿವಿ ಮುಚ್ಚಿಗೊಂಡು ಹಾಡಾಕ ಬರತೈತೇನು?" ಅಂತ ತೆಗೆದಿಟ್ಟರು. ಒಂದು ಕಿವಿಗಾದರೂ ಹಾಕಿಕೊಳ್ಳಿ ಅಂತ ಒಪ್ಪಿಸಿದೆ. ತಾಳಕ್ಕಿರಲಿ ಅಂತ ಕ್ಲಿಕ್ ಹಾಕಿದ್ದೆ. ಒಂದು ನಿಮಿಷ ಕೇಳಿದರು. "ಯಾರೋ ಟಕ್ ಟಕ್ ಹೊಡ್ಯಾಕತ್ತಾರಲ್ಲ?" ತಾಳಕ್ಕೆ ಅಜ್ಜಾ, ಅಂದೆ. "ಹುಟ್ಟಿದಾಗಿಂದ ಮಗ್ಗದ್ದ ಟಕ್ ಟಕ್ ಕೇಳೇನಿ. ಹಾಡೂ ಮುಂದನೂ ಅದನ್ನ ಕೇಳಬೇಕೇನು?"

ಕ್ಲಿಕ್ ಹೋಯಿತು, ಹೆಡ್‌ಫೋನ್ ಹೋಯಿತು. ಹಿಮ್ಮೇಳ ಇಲ್ಲದೆ ಹಾಡು ಏಳುವುದಿಲ್ಲ ಅಂದರು. ಅವರ ಗೆಳೆಯರಿಬ್ಬರು ಬಂದರು, ತಾಳ ಬಂತು, ಏಕತಾರಿ ಬಂತು, ಅಡಕಿ ಎಲೆ ಬಂತು. ಬ್ಯಾಟರಿ ಇಳಿಯುತ್ತಿದೆ, ಇವರು ಸುಣ್ಣ ಹಚ್ಚುತ್ತಿದ್ದಾರೆ! ಇರುವ ಒಂದೇ ಮೈಕಿಗೆ ಮೂರು ಜನ. ಅಜ್ಜ ಮುಂದೆ, ಹಿಮ್ಮೇಳ ಎರಡು ಹೆಜ್ಜೆ ಹಿಂದೆ, ತಾಳದವರು ಬಾಗಿಲ ಹತ್ತಿರ. ಮೈಕಿನ ಬೆನ್ನು ಬೀದಿಯ ಕಡೆ, ಯಾಕೆಂದರೆ ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಇಂಥ ಕಾರ್ಡಿಯಾಯ್ಡ್ ಮೈಕ್ ಹಿಂದಿನಿಂದ ಅರೆಕಿವುಡು. ಲೆವೆಲ್ಲನ್ನು ತಗ್ಗಿಸಿಯೇ ಇಟ್ಟೆ. 24 ಬಿಟ್‌ನ ಸೂಕ್ಷ್ಮ ರೆಕಾರ್ಡಿಂಗ್‌ನಲ್ಲಿ ಮೆಲ್ಲಗೆ ಹಿಡಿದದ್ದನ್ನು ಆಮೇಲೆ ಏರಿಸಬಹುದು, ಕೆಂಪು ದೀಪ ಹತ್ತಿ ಒಡೆದದ್ದನ್ನು ಜೋಡಿಸಲಾಗದು.

ಹಾಡು ಶುರುವಾಯಿತು. ಮೊದಲ ನುಡಿ, ಎರಡನೆಯದು, ಅಜ್ಜ ಎಲ್ಲೋ ಹೋಗಿಬಿಟ್ಟಿದ್ದರು. ಕೊನೆಯ ನುಡಿಗೆ ಬಂದಾಗ ಕರೆಂಟ್ ಬಂತು. ಮೊದಲು ಎದುರು ಮನೆಯ ಮಗ್ಗ, ಆಮೇಲೆ ಹಿಂದಿನದು, ನೋಡನೋಡುತ್ತ ಇಡೀ ಓಣಿ. ನಾನು ತಲೆ ಮೇಲೆ ಕೈ ಹೊತ್ತೆ. ಅಜ್ಜ ಕಣ್ಣು ಬಿಡಲಿಲ್ಲ. ದನಿ ಏರಿಸಿದರು, ಅಷ್ಟೇ. ನೇಕಾರರು ಮಾತಾಡುವುದೇ ಮಗ್ಗದ ಮೇಲೆ ಏರಿಸಿ, ಅವರಿಗೆ ಅದು ರೂಢಿ. ಮುಗಿದ ಮೇಲೆ, ಅಜ್ಜಾ, ಕೊನೆಯ ನುಡಿ ಇನ್ನೊಮ್ಮೆ ಹಾಡ್ತೀರಾ ಅಂತ ಕೇಳಿದೆ. "ಹಾಡಿದ್ದು ಆತಲ್ಲೋ ತಮ್ಮಾ. ನೀ ಕೇಳಲಿಲ್ಲೇನು?"

ಹಾಗೇ ಇಟ್ಟೆ. ಕೇಳಿಸಿದಾಗ ಒಬ್ಬ ಹುಡುಗ, "ಸರ್, ಕೊನೆಗೆ ಬೀಟ್ ಮಸ್ತ್ ಐತ್ರಿ, ಯಾವ ಲೂಪು?" ಅಂತ ಕೇಳಿದ. ಎದುರು ಮನೆಯದು ಅಂದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೇಗ ಬೇಗ ಹೋಗುತ್ತೇನೆ. ಎರಡನೆಯ ವಿಷಯ... ಹೌದ್ರಿ, ಇಷ್ಟು ಹೊತ್ತು ಹೇಳಿದ್ದು ಮೊದಲನೆಯದು.

ಆಟೊಟ್ಯೂನ್. ತಪ್ಪಿದ ಶ್ರುತಿ ತಿದ್ದುವ ಸಾಫ್ಟ್‌ವೇರ್, 1997ರಲ್ಲಿ ಬಂತು. ಮಾಡಿದವರು ಆಂಡಿ ಹಿಲ್ಡೆಬ್ರಾಂಡ್, ಅದಕ್ಕೆ ಮೊದಲು ನೆಲದೊಳಗೆ ಎಣ್ಣೆ ಹುಡುಕುವ ಕೆಲಸದಲ್ಲಿದ್ದವರು. ಭೂಮಿಗೆ ಕಳಿಸಿದ ಸದ್ದಿನ ಲೆಕ್ಕ ಹಾಕುವ ಗಣಿತವನ್ನೇ ಗಂಟಲಿಗೆ ತಂದರು. ಜಾಣತನವೇ. ಆದರೆ ಅದನ್ನು ಪೂರ್ತಿ ಬಿಗಿದರೆ ದನಿಯನ್ನು ಹನ್ನೆರಡು ಸ್ವರಗಳ ಮನೆಗಳಿಗೆ ನೂಕುತ್ತದೆ. ಅಜ್ಜ ಹಾಡುವುದು ಆ ಮನೆಗಳ ನಡುವಿನ ಓಣಿಯಲ್ಲಿ. ಈ ಜಗಳ ಹೊಸದಲ್ಲ, ಇದೇ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು, ಮೂರು ದಶಕ. ಹಾರ್ಮೋನಿಯಂ ಬಾರಿಸುವ ನಾನು ಈ ವಿಷಯ ಜಾಸ್ತಿ ಮಾತಾಡದಿರುವುದೇ ಒಳ್ಳೆಯದು.

ಮೂರನೆಯದು, ಫೈಲಿನ ಹೆಸರು. 1902ರಲ್ಲಿ ಗಾಯಕಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಗ್ರಾಮಾಫೋನಿಗೆ ಹಾಡಿದರು. ಎಲ್ಲಿ? ಹೋಟೆಲಿನ ಒಂದು ಕೋಣೆಯಲ್ಲಿ. ಸ್ಟುಡಿಯೋ ಇರಲಿಲ್ಲ, ಮೈಕೂ ಇರಲಿಲ್ಲ, ಒಂದು ಕೊಳವೆಯೊಳಗೆ ಕೂಗಬೇಕು, ಮೂರು ನಿಮಿಷದಲ್ಲಿ ಮುಗಿಸಬೇಕು. ಕೊನೆಗೆ, ಮೈ ನೇಮ್ ಈಸ್ ಗೌಹರ್ ಜಾನ್ ಅನ್ನುತ್ತಾರೆ. ತಟ್ಟೆ ಒತ್ತುವುದು ಜರ್ಮನಿಯಲ್ಲಿ, ಅಲ್ಲಿಯವರಿಗೆ ಇದು ಯಾರದೆಂದು ಗೊತ್ತಾಗಬೇಕಲ್ಲ? ಇಲ್ಲಿ ನಮ್ಮ ಹುಡುಗರ ಕಂಪ್ಯೂಟರಿನಲ್ಲಿ ಹೊಸದು ಫೈನಲ್, ಹೊಸದು ಫೈನಲ್ ಎರಡು, ಫೈನಲ್ ಅಂದ್ರೆ ಫೈನಲ್. ಹಾಡು ಮುಗಿದ ಮೇಲೆ ಹಾಡಿದವರ ಹೆಸರು, ಊರು, ತಾರೀಖು ಬಾಯಿಂದಲೇ ಹೇಳಿ. ಫೈಲಿನ ಹೆಸರು ಅಳಿಸಿದರೂ ಅದು ಉಳಿಯುತ್ತದೆ.

ನಾಲ್ಕು. ಮಿಕ್ಸ್ ಆದ ಮೇಲೆ ನಾಲ್ಕು ಕಡೆ ಕೇಳಿ. ಹೆಡ್‌ಫೋನ್, ಮೊಬೈಲ್, ಯಾರದಾದರೂ ಕಾರು, ಸಾಧ್ಯವಾದರೆ ಕಬ್ಬಿನ ಟ್ರ್ಯಾಕ್ಟರ್. ನಗಬೇಡಿ. ಸೀಸನ್ನಿನಲ್ಲಿ ಮುಧೋಳ, ಜಮಖಂಡಿ ರಸ್ತೆಯಲ್ಲಿ ಆ ಟ್ರ್ಯಾಕ್ಟರ್‌ಗಳು ಹಾಡು ಹಚ್ಚಿಕೊಂಡು ಹೋಗುತ್ತವಲ್ಲ, ಅವುಗಳಲ್ಲಿ ಎಷ್ಟೋ ಹಾಡು ನಮ್ಮಂಥದೇ ಸಣ್ಣ ಕೋಣೆಯಲ್ಲಿ ಹುಟ್ಟಿದ್ದು. ಆ ಹುಡುಗರನ್ನು ಬೈಯುವವರು ಜಾಸ್ತಿ. ಆದರೆ ತಮ್ಮ ಹಾಡು ಎಲ್ಲಿ ಮೊಳಗಬೇಕು ಅಂತ ಅವರಿಗೆ ಗೊತ್ತು. ನಮಗೆ ಗೊತ್ತಿಲ್ಲ. ಬೀಳಗಿಯ ಗಾಯಕಿ ಅಮೀರ್‌ಬಾಯಿ ಕರ್ನಾಟಕಿಗೆ ಹಾಡು ಜಗತ್ತಿಗೆ ಕೇಳಿಸಬೇಕಾದರೆ ಮುಂಬೈಗೇ ಹೋಗಬೇಕಾಯಿತು. ಇವರು ಮನೆ ಬಿಟ್ಟು ಏಳುವುದಿಲ್ಲ.

ಚೀಟಿ ಬಂತು. ಆಯ್ತ್ರಿ, ಮುಗಿಸಿದೆ. ಐದನೆಯದರಲ್ಲಿ ಲೇಟೆನ್ಸಿ, ಅಂದರೆ ಬಾರಿಸಿದ್ದು ಹೆಡ್‌ಫೋನಿಗೆ ಮರಳಿ ಬರುವಾಗ ಆಗುವ ತಡ, ಅದರ ಬಗ್ಗೆ ಹೇಳುವುದಿತ್ತು. ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಸಿಕೊಳ್ಳುವ ದನಿಯ ತುಣುಕು, 1024 ಇದ್ದರೆ ಸೆಕೆಂಡಿಗೆ 48,000 ತುಣುಕಿನ ಲೆಕ್ಕದಲ್ಲಿ 21 ಮಿಲಿಸೆಕೆಂಡ್ ತಡ, ಢೋಲಕಿಯವನು ತನ್ನದೇ ಪೆಟ್ಟು ತಡವಾಗಿ ಕೇಳಿ ಹಿಂದೆ ಬೀಳುತ್ತಾನೆ, 128ಕ್ಕೆ ಇಳಿಸಿ. ಮಿಕ್ಕಿದ್ದು ಹುಡುಗರಿಗೆ ನನಗಿಂತ ಚೆನ್ನಾಗಿ ಗೊತ್ತು. ಬೇರೆ ಕಡೆ ಒಂದು ಪ್ರತಿ ಇಡಿ. ಹಾಡಿದವರಿಗೆ ಪೆನ್‌ಡ್ರೈವ್‌ನಲ್ಲಿ ಅವರ ಹಾಡು ಕೊಡಿ, ಮತ್ತು ಹೊರಗೆ ಹಾಕುವ ಮೊದಲು ಅವರನ್ನು ಕೇಳಿ. ಅಜ್ಜನನ್ನು ಕೇಳಿದೆ. ಹಾಕು, ಆದರೆ ಹಿಮ್ಮೇಳದವರ ಹೆಸರು ಮೊದಲು ಬರಲಿ ಅಂದರು. ಹಾಗೇ ಹಾಕಿದ್ದೇನೆ.

ಜಮಖಂಡಿ ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿದೆ. ಪ್ರಶ್ನೆ ಇದ್ದವರು ಮುಂದೆ ಬನ್ನಿ. ಹಾಗೇ ನಿಮ್ಮ ಫೋನಿನಲ್ಲಿರುವ ರೆಕಾರ್ಡಿಂಗ್ ತನ್ನಿ, ಕೂತು ಕೇಳೋಣ.