ಎರಡು ಇಂಚು ಹಿಮ, ಒಂದು ದೇಶದ ಲೆಕ್ಕಾಚಾರ

ಕೇಳುಗರಿಗೆ ನಮಸ್ಕಾರ.

ಬ್ರಿಟನ್ನಿನಲ್ಲಿ ಎರಡು ಇಂಚು ಹಿಮ ಬಿದ್ದರೆ ಸಾಕು, ರೈಲು ತಡ, ಶಾಲೆಗೆ ರಜೆ, ಅಂಗಡಿಯಲ್ಲಿ ಬ್ರೆಡ್ ಖಾಲಿ. ಫಿನ್ಲೆಂಡಿನವರು, ಕೆನಡಾದವರು ಇದನ್ನು ನೋಡಿ ನಗುತ್ತಾರೆ. ಕೆಲಸಕ್ಕೆಂದು ಅಲ್ಲಿಗೆ ಹೋದ ನಮ್ಮ ಹುಡುಗರೂ ವಿಡಿಯೋ ಕಾಲ್ ಮಾಡಿ, "ಇಷ್ಟಕ್ಕೇ ಊರೆಲ್ಲ ಬಂದ್!" ಅಂತ ನಗುತ್ತಾರೆ. ನಗಲಿ ಬಿಡಿ. ಆದರೆ ಎಂಟು ಹತ್ತು ವರ್ಷಕ್ಕೊಮ್ಮೆ ಬರುವ ನೆಂಟರಿಗಾಗಿ ಯಾರಾದರೂ ಮನೆಗೆ ಮಹಡಿ ಕಟ್ಟಿಸುತ್ತಾರಾ? ಬ್ರಿಟನ್ನಿನ ತೊಡಕು ಇರುವುದು ಇಲ್ಲೇ.

ಲಂಡನ್ ಹೆಚ್ಚುಕಡಿಮೆ ಕೆನಡಾದ ಕ್ಯಾಲ್ಗರಿಯಷ್ಟೇ ಉತ್ತರಕ್ಕಿದೆ. ಆದರೂ ಅಟ್ಲಾಂಟಿಕ್ ಕಡೆಯ ಬೆಚ್ಚನೆ ಗಾಳಿಯಿಂದಾಗಿ ಚಳಿಗಾಲ ಬಹುಪಾಲು ಮಳೆಯಲ್ಲೇ ಕಳೆದುಹೋಗುತ್ತದೆ. ಗಾಳಿ ಉತ್ತರದಿಂದಲೋ ಪೂರ್ವದಿಂದಲೋ ಬೀಸತೊಡಗಿದಾಗ ಮಾತ್ರ ಫಜೀತಿ. 1947, 1963, 2010, 2018 ಅಂಥ ವರ್ಷಗಳು. ಹಿಮ ಬಂದರೂ ಸಾಮಾನ್ಯವಾಗಿ ಥರ್ಮಾಮೀಟರು ಸೊನ್ನೆಯ ಆಸುಪಾಸಿನಲ್ಲೇ ಆಡುತ್ತಿರುತ್ತದೆ. ಹಗಲು ಕರಗಿದ ಹಿಮ ರಾತ್ರಿ ಗಾಜಿನಂತೆ ಗಟ್ಟಿಯಾಗುತ್ತದೆ. ಕೆಳಗಿನ ಟಾರು ಕಾಣುವಷ್ಟು ತೆಳುವಾದ ಈ ಪದರ ಕಣ್ಣಿಗೆ ಬೀಳುವುದೇ ಇಲ್ಲ. ಕಾಲಿಟ್ಟ ಮೇಲೆಯೇ ಗೊತ್ತಾಗುವುದು.

ಇದಕ್ಕೆ ಅವರ ಮದ್ದು ಉಪ್ಪು. ಚೆಷೈರ್ ಸೀಮೆಯ ವಿನ್ಸ್‌ಫರ್ಡ್ ಎಂಬಲ್ಲಿ ನೆಲದಡಿಯ ದೊಡ್ಡ ಗಣಿಯಿಂದ ಕಂದು ಬಣ್ಣದ ಕಲ್ಲುಪ್ಪು ಬರುತ್ತದೆ. ಸಂಜೆ ಹವಾಮಾನ ವರದಿ ನೋಡಿ, ರಸ್ತೆ ಹೆಪ್ಪುಗಟ್ಟುವ ಮೊದಲೇ ಲಾರಿಗಳು ಹೊರಡುತ್ತವೆ. ಚದರ ಮೀಟರಿಗೆ ಸುಮಾರು 10 ಗ್ರಾಂ, ಹಿಮ ಬೀಳುವಂತಿದ್ದರೆ ಇನ್ನೂ ಜಾಸ್ತಿ. ಹಾಗಂತ ಸುಮ್ನೆ ಚೆಲ್ಲಿದರೆ ಆಗಲಿಲ್ಲ. ವಾಹನಗಳ ಚಕ್ರ ಆ ಉಪ್ಪನ್ನು ಅರೆದು ಹಿಮದ ಜೊತೆ ಕಲಸಬೇಕು. ನಡುರಾತ್ರಿ ಓಡಾಟವಿಲ್ಲದ ರಸ್ತೆಯಲ್ಲಿ ಅದು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಹಿಮಕ್ಕೆ ಮೊದಲು ಮಳೆ ಬಂದರೆ ಎಲ್ಲ ಚರಂಡಿಪಾಲು. ಸ್ಕಾಟ್ಲೆಂಡಿನಲ್ಲಿ ಈ ಲಾರಿಗಳಿಗೆ 'ಸರ್ ಆ್ಯಂಡಿ ಫ್ಲರಿ'ಯಂಥ ತಮಾಷೆಯ ಹೆಸರಿಟ್ಟಿದ್ದಾರೆ; ಟೆನಿಸ್ ಆಟಗಾರ ಆ್ಯಂಡಿ ಮರ್ರೆಯ ಹೆಸರನ್ನು ತಿರುಚಿದ್ದು, ಫ್ಲರಿ ಅಂದರೆ ಹಿಮದ ತುಂತುರು. ಯಾವ ಲಾರಿ ಎಲ್ಲಿದೆ ಎಂದು ಜನ ಮನೆಯಲ್ಲೇ ಕೂತು ನಕ್ಷೆಯಲ್ಲಿ ನೋಡಬಹುದು. ನನಗಂತೂ ಇದು ಬಹಳ ಹಿಡಿಸಿತು. ತೆರಿಗೆ ದುಡ್ಡು ರಸ್ತೆಯಲ್ಲಿ ಓಡುವುದು ಕಣ್ಣಿಗೆ ಕಾಣುತ್ತದಲ್ವಾ?

2009ರ ಫೆಬ್ರವರಿ 2ರಂದು ಲಂಡನ್ನಿನ ಬಸ್ಸುಗಳನ್ನೆಲ್ಲ ನಿಲ್ಲಿಸಬೇಕಾಯಿತು. ಅಲ್ಲಿ ದೊಡ್ಡ ರಸ್ತೆಗಳು ನಗರ ಸಾರಿಗೆ ಸಂಸ್ಥೆಯದು, ಉಳಿದವು ಮೂವತ್ತಕ್ಕೂ ಹೆಚ್ಚು ಸ್ಥಳೀಯ ಆಡಳಿತಗಳದು. ಬಸ್ಸಿಗೆ ಎರಡೂ ಬೇಕು. ಹೆದ್ದಾರಿಗೆ ಉಪ್ಪು ಬಿದ್ದು ಒಳಬೀದಿಗೆ ಬೀಳದಿದ್ದರೆ ಬಸ್ಸು ಹೋಗುವುದೆಲ್ಲಿಗೆ? ಆ ತಿಂಗಳು ಹಲವು ಕಡೆ ಉಪ್ಪಿನ ದಾಸ್ತಾನೇ ಮುಗಿಯುತ್ತ ಬಂತು. ಮುಂದಿನ ಚಳಿಗಾಲವೂ ಅದೇ ಪಾಡು. ಆಗ ಸರ್ಕಾರ ಡೇವಿಡ್ ಕ್ವಾರ್ಮ್‌ಬಿ ಎಂಬ ಸಾರಿಗೆ ತಜ್ಞರಿಂದ ವರದಿ ಬರೆಸಿತು. ಚಳಿಗಾಲದ ಹೊಸ್ತಿಲಲ್ಲಿ 12 ದಿನಕ್ಕೆ, ಅಂದರೆ ಲಾರಿಗಳು 48 ಸಲ ಸುತ್ತು ಹೊಡೆಯಲು ಸಾಕಾಗುವಷ್ಟು ಉಪ್ಪು ಕೈಯಲ್ಲಿರಲಿ ಎಂದರು ಅವರು. ಹೊಸ ಯಂತ್ರವಿಲ್ಲ, ಮಹಾ ಯೋಜನೆಯಿಲ್ಲ. ಇದು ನನಗೆ ಬುದ್ಧಿವಂತರ ಮಾತು ಅನಿಸುತ್ತದೆ.

ರೈಲಿನದು ಬೇರೆ ಕಥೆ. ಲಂಡನ್ನಿನ ದಕ್ಷಿಣಕ್ಕೆ ಹೆಚ್ಚಿನ ರೈಲುಗಳಿಗೆ ಕರೆಂಟು ಬರುವುದು ಮೇಲಿನ ತಂತಿಯಿಂದಲ್ಲ. ನೆಲದಲ್ಲೇ, ಹಳಿಗಳ ಪಕ್ಕದಲ್ಲಿ 750 ವೋಲ್ಟಿನ ಮೂರನೇ ಹಳಿಯೊಂದಿರುತ್ತದೆ. ರೈಲಿನ ಬದಿಯ ಲೋಹದ ಪಟ್ಟಿ ಅದರ ಮೇಲೆ ಜಾರುತ್ತ ಕರೆಂಟು ಹೀರಿಕೊಳ್ಳುತ್ತದೆ. ಆ ಹಳಿಯ ಮೇಲೆ ಮಂಜುಗಡ್ಡೆಯ ಪದರ ಕೂತರೆ ಮುಗಿಯಿತು. ಪಟಪಟ ಕಿಡಿ ಹಾರುತ್ತದೆ, ರೈಲು ನಿಲ್ಲುತ್ತದೆ. ಇದನ್ನು ಪೂರ್ತಿ ಬದಲಿಸಲು ಅಪಾರ ದುಡ್ಡು ಬೇಕು. ಹಾಗಾಗಿ ಮಂಜು ಕರಗಿಸುವ ದ್ರಾವಣ ಸುರಿಯುವ ವಿಶೇಷ ರೈಲುಗಳನ್ನು ಓಡಿಸಿ ಕಾಲ ತಳ್ಳುತ್ತಾರೆ.

ಇಷ್ಟರವರೆಗೆ ನಾನು ಅವರ ಪರವೇ. 2010ರ ಡಿಸೆಂಬರ್ 18ರಂದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ನಡೆದದ್ದರ ವಿಷಯಕ್ಕೆ ಬಂದರೆ ಹಾಗೆ ಹೇಳಲಾರೆ. ಕ್ರಿಸ್‌ಮಸ್ಸಿಗೆ ಮೊದಲಿನ ಶನಿವಾರ. ಇದ್ದ ಎರಡು ರನ್‌ವೇಗಳೂ ಸದಾ ಭರ್ತಿ, ಹಾಗಾಗಿ ಒಮ್ಮೆ ತಪ್ಪಿದ ಸರದಿ ಮತ್ತೆ ಸಿಗುವುದಿಲ್ಲ. ರನ್‌ವೇ ಗುಡಿಸಿದರೂ, ನಿಂತ ವಿಮಾನಗಳ ಸುತ್ತಲಿನ ಮಂಜುಗಡ್ಡೆ ಹಾಗೇ ಉಳಿಯಿತು. ಸಾವಿರಾರು ಜನ ಟರ್ಮಿನಲ್ಲಿನ ನೆಲದ ಮೇಲೆ ಮಲಗಿದರು. ಮುಂದೆ ಈ ಬಗ್ಗೆ ಡೇವಿಡ್ ಬೆಗ್ ಎಂಬ ಸಾರಿಗೆ ತಜ್ಞರ ವರದಿ ಬಂತು, ವಿಮಾನ ನಿಲ್ದಾಣ ಕೋಟಿಗಟ್ಟಲೆ ಪೌಂಡ್ ಸುರಿದು ಯಂತ್ರ ಕೊಂಡಿತು. ಒಳ್ಳೆಯದೇ. ಆದರೆ ಜನರ ಸಿಟ್ಟು ಯಂತ್ರ ಇರಲಿಲ್ಲ ಅಂತ ಮಾತ್ರ ಅಲ್ಲ. ವಿಮಾನ ಹೊರಡುತ್ತದೋ ಇಲ್ಲವೋ ಎಂದು ಯಾರೂ ಸರಿಯಾಗಿ ಹೇಳಲಿಲ್ಲ. ಬಾಯಿಬಿಟ್ಟು ಹೇಳುವುದಕ್ಕೆ ಎಷ್ಟು ಖರ್ಚಾಗುತ್ತಿತ್ತು?

ಅದೇ 2010ರಲ್ಲಿ ಸರ್ಕಾರ ಜನರಿಗೆ ಇನ್ನೊಂದು ವಿಷಯ ಸ್ಪಷ್ಟ ಮಾಡಿತು. ಮನೆ ಮುಂದಿನ ಫುಟ್‌ಪಾತಿನ ಹಿಮ ನಾನು ಗೋರಿ, ಆಮೇಲೆ ಯಾರೋ ಅಲ್ಲೇ ಜಾರಿ ಬಿದ್ದು ನನ್ನ ಮೇಲೆ ಕೇಸು ಹಾಕಿದರೆ? ಈ ಭಯಕ್ಕೇ ಎಷ್ಟೋ ಜನ ಕೈಕಟ್ಟಿ ಕೂತಿದ್ದರು. ಜಾಗರೂಕತೆಯಿಂದ ಮಾಡಿದರೆ ಕೇಸಿನ ಸಂಭವ ತೀರಾ ಕಡಿಮೆ, ಧೈರ್ಯವಾಗಿ ಗೋರಿ ಎಂದಿತು ಸರ್ಕಾರ. ಚದರ ಮೀಟರಿಗೆ ಒಂದು ದೊಡ್ಡ ಚಮಚ ಅಡುಗೆ ಉಪ್ಪು ಉದುರಿಸಿ, ಬಿಸಿನೀರು ಮಾತ್ರ ಸುರಿಯಬೇಡಿ, ಅದು ಮತ್ತೆ ಹೆಪ್ಪುಗಟ್ಟುತ್ತದೆ ಎಂದೂ ತಿಳಿಸಿತು.

ಈಗ ಹವೆ ಬಿಸಿಯಾಗುತ್ತ ಹಿಮ ಬೀಳುವ ದಿನಗಳು ಕಡಿಮೆಯಾಗುತ್ತಿವೆ. ಆದರೂ 2018ರಲ್ಲಿ ಸ್ಕಾಟ್ಲೆಂಡಿಗೆ ಹಿಮದ ರೆಡ್ ಅಲರ್ಟ್ ಕೊಡಬೇಕಾಯಿತು, ಹೆದ್ದಾರಿಯಲ್ಲಿ ಜನ ರಾತ್ರಿಯಿಡೀ ಕಾರಿನಲ್ಲೇ ಕಳೆದರು. ಸ್ಥಳೀಯ ಆಡಳಿತಗಳ ಬಳಿ ದುಡ್ಡು ಕಡಿಮೆ. ಮಾಡಿನ ಕೆಳಗಿಟ್ಟ ಉಪ್ಪು ಮುಂದಿನ ವರ್ಷಕ್ಕೂ ಬರುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಕರೆದರೆ ಎದ್ದು ಬರುವ ಲಾರಿ ಡ್ರೈವರಿಗೆ, ಹಿಮ ಬಿದ್ದರೂ ಬೀಳದಿದ್ದರೂ, ಚಳಿಗಾಲ ಪೂರ್ತಿ ಸಂಬಳ ಕೊಡಬೇಕು. ಬಜೆಟ್ ಸಭೆಯಲ್ಲಿ ಮೊದಲು ಕತ್ತರಿ ಬೀಳುವುದು ಇಂಥ ಖರ್ಚಿಗೇ.

ನಮಸ್ಕಾರ.