ಡ್ರಾ ಸಾಕು ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ

ಟೆಸ್ಟ್ ಮ್ಯಾಚಿನ ಕೊನೆ ದಿನ. ಮುನ್ನೂರು ಚಿಲ್ಲರೆ ರನ್ ಬೇಕು, ಕೈಯಲ್ಲಿ ಹತ್ತೂ ವಿಕೆಟ್ ಇವೆ. ಆಗಲೇ ಕೆಲವರು "ಡ್ರಾ ಮಾಡಿಕೊಂಡರೆ ಸಾಕು" ಅಂತ ಶುರು ಮಾಡುತ್ತಾರಲ್ವಾ, ನನ್ನ ಜಗಳ ಅವರ ಜೊತೆ.

2021ರ ಜನವರಿ 19 ನೆನಪಿದೆಯಾ? ನಾನು ಮತ್ತು ನಮ್ಮ ಕಾಕಾ ವಿಜಯಪುರದ ಹತ್ತಿರ ಹೊಲದಲ್ಲಿದ್ದೆವು. ಬಿಳಿಜೋಳ ತೆನೆ ಕಟ್ಟಿತ್ತು, ಹಕ್ಕಿ ಕಾಯಬೇಕಿತ್ತು. ಬದುವಿನ ಮೇಲೆ ಕೂತು, ಬುತ್ತಿ ಗಂಟಿಗೆ ಮೊಬೈಲ್ ಆನಿಸಿಟ್ಟು ಭಾರತ-ಆಸ್ಟ್ರೇಲಿಯಾ ಬ್ರಿಸ್ಬೇನ್ ಟೆಸ್ಟ್ ನೋಡುತ್ತಿದ್ದೆವು. ಗುರಿ 328. ಸರಣಿ 1-1. ಬ್ರಿಸ್ಬೇನಿನ ಆ ಗಾಬಾ ಮೈದಾನದಲ್ಲಿ ಆಸ್ಟ್ರೇಲಿಯಾ 1988ರ ನಂತರ ಟೆಸ್ಟ್ ಸೋತೇ ಇರಲಿಲ್ಲ. "ಡ್ರಾ ಆದ್ರ ಸಾಕೋ ತಮ್ಮಾ, ಟ್ರೋಫಿ ನಮ್ಮ ಕಡೇನ ಇರ್ತೈತಿ" ಅಂದರು ಕಾಕಾ. ಹಿಂದಿನ ಸರಣಿ ಗೆದ್ದವರು ನಾವೇ, ಹಾಗಾಗಿ ಸರಣಿ ಸಮ ಆದರೂ ಟ್ರೋಫಿ ನಮ್ಮದೇ. ಲೆಕ್ಕ ಸರಿಯೇ ಇತ್ತು.

ಆದರೆ ಡ್ರಾಗೆ ಅಂತಲೇ ಆಡಲು ನಿಂತರೆ ಏನಾಗುತ್ತೆ ನೋಡಿ. ರನ್ನಿನ ಭಯ ಇಲ್ಲದ ಕ್ಯಾಪ್ಟನ್ ಮೂರು ಸ್ಲಿಪ್, ಗಲ್ಲಿ, ಶಾರ್ಟ್ ಲೆಗ್ ಅಂತ ಬ್ಯಾಟ್ಸ್‌ಮನ್ ಸುತ್ತಲೇ ಜನ ನಿಲ್ಲಿಸುತ್ತಾನೆ, ಬ್ಯಾಟಿನ ಅಂಚಿಗೆ ಸ್ವಲ್ಪ ತಾಗಿದರೂ ಕ್ಯಾಚ್. ಅದೇ ನಾಲ್ಕು ಬೌಂಡರಿ ಬೀಳಲಿ, ಸ್ಲಿಪ್ಪಿನಿಂದ ಒಬ್ಬ ಹೋದ, ಶಾರ್ಟ್ ಲೆಗ್ ಬೌಂಡರಿಗೆ ಓಡಿದ. ಆಗ ವಿಕೆಟ್ ಉಳಿಸಿಕೊಳ್ಳೋದೂ ಸುಲಭ. ಅಂದರೆ ಗುರಿ ಬೆನ್ನಟ್ಟಿದವನಿಗೆ ಡ್ರಾದ ದಾರಿಯೂ ಮುಚ್ಚಿರೋದಿಲ್ಲ, ಬರೀ ತಡೆಯುತ್ತಾ ನಿಂತವನಿಗೆ ಮಾತ್ರ ಗೆಲುವಿನ ದಾರಿ ತಾನಾಗೇ ಮುಚ್ಚಿಹೋಗುತ್ತೆ.

ಬೆನ್ನಟ್ಟೋದು ಅಂದರೆ ಬೆಳಿಗ್ಗೆಯಿಂದಲೇ ಬ್ಯಾಟ್ ಬೀಸೋದಲ್ಲ. ಗಿಲ್ 91 ಹೊಡೆದರು, ನಿಜ. ಇನ್ನೊಂದು ಕಡೆ ಪೂಜಾರ ಮೈಗೆ, ಬೆರಳಿಗೆ, ಹೆಲ್ಮೆಟ್ಟಿಗೆ ಪೆಟ್ಟು ತಿನ್ನುತ್ತಾ 211 ಎಸೆತ ನಿಂತು 56 ಮಾಡಿದರು. ಆ 56 ಇಲ್ಲದಿದ್ದರೆ ಪಂತ್ ಅವರ 89 ಎಲ್ಲಿಂದ ಬರುತ್ತಿತ್ತು? ಕೊನೆ ಒಂದು ಗಂಟೆ ಕಾಕಾ ಕವಣೆ ಹಿಡಿದುಕೊಂಡು ಎದ್ದೇ ನಿಂತಿದ್ದರು. ಗುಬ್ಬಿಗಳು ಆರಾಮಾಗಿ ತೆನೆ ಮೇಲೆ ಕೂತಿದ್ದವು. ಹೇಜಲ್‌ವುಡ್ ಎಸೆತವನ್ನು ಪಂತ್ ಬೌಂಡರಿಗೆ ಅಟ್ಟಿ ಗೆಲ್ಲಿಸಿದಾಗ ಡ್ರಾ ಸಾಕು ಅಂದಿದ್ದ ಮನುಷ್ಯ ಕವಣೆ ಬಿಸಾಕಿ ನನ್ನನ್ನು ತಬ್ಬಿಕೊಂಡರು.

ನಮ್ಮ ಭದ್ರಾವತಿಯ ವಿಶ್ವನಾಥ್ ಇದನ್ನು 1976ರಲ್ಲೇ ಮಾಡಿ ತೋರಿಸಿದ್ದರು. ಪೋರ್ಟ್ ಆಫ್ ಸ್ಪೇನ್, ವೆಸ್ಟ್ ಇಂಡೀಸ್ ಕೊಟ್ಟ ಗುರಿ 403. ಗವಾಸ್ಕರ್ 102, ವಿಶಿ 112, ಕೊನೆಗೆ ನಮ್ಮವರೇ ಆದ ಬ್ರಿಜೇಶ್ ಪಟೇಲ್ ಅಜೇಯ 49. ನಾಲ್ಕೇ ವಿಕೆಟ್ ಕಳೆದುಕೊಂಡು ಗೆದ್ದರು.

ಸೋತರೆ ಅಂತೀರಾ? ಸೋತಿದ್ದೂ ಇದೆ. 2014ರ ಅಡಿಲೇಡ್, ಗುರಿ 364. ಕೊಹ್ಲಿ 141 ಹೊಡೆದರು, 2 ವಿಕೆಟ್‌ಗೆ 242 ಇದ್ದದ್ದು 315ಕ್ಕೆ ಆಲೌಟ್, 48 ರನ್ ಸೋಲು. ಆ ದಿನ ಊಟ ಸೇರಲಿಲ್ಲ, ಆದರೆ ಕೊಹ್ಲಿ ಮೇಲೆ ಒಂದು ಚೂರೂ ಬೇಜಾರಾಗಲಿಲ್ಲ.

ಬೇಜಾರು ಇರೋದು ವೆಸ್ಟ್ ಇಂಡೀಸ್ ವಿರುದ್ಧದ 2011ರ ಡೊಮಿನಿಕಾ ಟೆಸ್ಟ್ ಬಗ್ಗೆ. 15 ಓವರಿಗೆ 86 ರನ್ ಬೇಕಿತ್ತು, 7 ವಿಕೆಟ್ ಕೈಯಲ್ಲಿತ್ತು, ಸರಣಿಯಲ್ಲಿ ಮುಂದೆ ಇದ್ದವರೂ ನಾವೇ. ಹಂಗಿದ್ದೂ ಕೈಕುಲುಕಿ ಡ್ರಾ ಮಾಡಿಕೊಂಡು ಹೊರಟುಬಂದರು.