ಪಂಜುರ್ಲಿಗೆ ಪಾಡ್ದನವೇ ಆಧಾರ

ಎಲ್ಲರಿಗೂ ನಮಸ್ಕಾರ. ಹಿಂದೂ ಧರ್ಮ ಎಲ್ಲಿಂದ ಬಂತು ಅಂತ ಕೇಳಿದರೆ ಜಾಸ್ತಿ ಜನ ಹೇಳುವುದು ಒಂದೇ ಉತ್ತರ: ವೇದದಿಂದ. ಮಂಗಳೂರಿನಲ್ಲಿ ಕೂತು ಯೋಚಿಸಿದರೆ ಆ ಉತ್ತರ ನನಗೆ ಸಾಲುವುದಿಲ್ಲ. ಋಗ್ವೇದಕ್ಕೆ ಸುಮಾರು 3,000 ವರ್ಷಕ್ಕೂ ಮೀರಿದ ವಯಸ್ಸು, ಒಪ್ಪುತ್ತೇನೆ. ಆದರೆ ಅದರಲ್ಲಿ ಅತಿ ಹೆಚ್ಚು ಸೂಕ್ತಗಳಿರುವುದು ಇಂದ್ರನಿಗೆ, ಅಗ್ನಿಗೆ. ನಿಮ್ಮ ಊರಲ್ಲಿ ಇಂದ್ರನ ಗುಡಿ ಇದೆಯಾ? ನಾವು ಹರಕೆ ಹೇಳುವುದು ಕೃಷ್ಣನಿಗೆ, ದುರ್ಗೆಗೆ, ಮಂಜುನಾಥನಿಗೆ, ನಾಗನಿಗೆ, ಹಂದಿ ರೂಪದ ತುಳುನಾಡಿನ ದೈವ ಪಂಜುರ್ಲಿಗೆ. ಇವರೆಲ್ಲ ಒಂದೇ ದಾರಿಯಲ್ಲಿ ಬಂದವರಲ್ಲ.

ಮಂಗಳೂರಿನ ಕದ್ರಿಯಲ್ಲಿ ಶಿವನನ್ನು ಮಂಜುನಾಥ ಅಂತ ಪೂಜಿಸುವ ದೇವಸ್ಥಾನಕ್ಕೆ ಹೋದಾಗ ಲೋಕೇಶ್ವರನ ಕಂಚಿನ ಮೂರ್ತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮೂರು ಮುಖ, ಆರು ಕೈ. ಆಳುಪ ದೊರೆ ಕುಂದವರ್ಮ 968ರಲ್ಲಿ ಸ್ಥಾಪಿಸಿದ್ದು ಅಂತ ಪೀಠದ ಶಾಸನವೇ ಹೇಳುತ್ತದೆ. ಇದು ಬೌದ್ಧರ ಅವಲೋಕಿತೇಶ್ವರ ಅನ್ನುವುದು ಹಲವು ವಿದ್ವಾಂಸರ ಅಭಿಪ್ರಾಯ. ಮೇಲೆ ಗುಡ್ಡದಲ್ಲಿ ಗೋರಖನಾಥರ ನಾಥಪಂಥದ ಜೋಗಿ ಮಠ. ಅಲ್ಲಿಗೆ 12 ವರ್ಷಕ್ಕೊಮ್ಮೆ ತ್ರ್ಯಂಬಕದಿಂದ ಜೋಗಿಗಳು ಕಾಲ್ನಡಿಗೆಯಲ್ಲೇ ಬರುತ್ತಾರೆ. ಶಿವ, ಬುದ್ಧ, ಗೋರಖನಾಥ, ಮೂವರ ಜಾಡೂ ಒಂದೇ ಗುಡ್ಡದಲ್ಲಿದೆ.

ಈಗ ಕೋಲದ, ಅಂದರೆ ದೈವವನ್ನು ಮೈಮೇಲೆ ಬರಿಸಿ ಆರಾಧಿಸುವ ರಾತ್ರಿಯ, ವಿಷಯಕ್ಕೆ ಬರೋಣ. ನನ್ನ ಮಾತು ಇರುವುದೇ ಅಲ್ಲಿ. ಕೋಲ ಕಟ್ಟುವವನ ಮುಖಕ್ಕೆ ಅರದಾಳದ ಹಳದಿ ಬಣ್ಣ ಬಳಿಯುತ್ತಾ ಇರುತ್ತಾರೆ, ಸೊಂಟಕ್ಕೆ ತೆಂಗಿನ ಎಳೆ ಗರಿಯ ಸಿರಿ ಕಟ್ಟುತ್ತಾರೆ. ಪಕ್ಕದಲ್ಲೇ ಅವನ ಮನೆಯ ಹೆಂಗಸು ತೆಂಬರೆ ಅನ್ನುವ ಸಣ್ಣ ವಾದ್ಯ ಬಡಿಯುತ್ತಾ ಪಾಡ್ದನ, ಅಂದರೆ ದೈವದ ಕಥೆ ಹೇಳುವ ತುಳು ಹಾಡು, ಹೇಳುತ್ತಾಳೆ. ಪುಸ್ತಕ ಇಲ್ಲ, ತಾಯಿಯಿಂದ ಕೇಳಿ ಕಲಿತದ್ದು. ವೇದವೂ ಬಾಯಿಂದ ಬಾಯಿಗೆ ಬಂದದ್ದೇ ಅಲ್ವಾ? ಅಲ್ಲಿ ಒಂದು ಸ್ವರವೂ ತಪ್ಪಬಾರದು. ಇಲ್ಲಿ ಕಥೆ ಊರಿಂದ ಊರಿಗೆ ಬೇರೆಯಾಗುತ್ತದೆ. ಎರಡನ್ನೂ ಕಾಪಾಡಿದ್ದು ನೆನಪೇ.

ಪಂಜುರ್ಲಿಯ ಪಾಡ್ದನದಲ್ಲಿ ಏನಿದೆ ಗೊತ್ತಾ? ಪಾರ್ವತಿ ಒಂದು ಹಂದಿಮರಿಯನ್ನು ಪ್ರೀತಿಯಿಂದ ಸಾಕುತ್ತಾಳೆ. ಅದು ಬೆಳೆದು ಈಶ್ವರನ ತೋಟವನ್ನೆಲ್ಲ ಹಾಳು ಮಾಡುತ್ತದೆ. ಸಿಟ್ಟಾದ ಈಶ್ವರ ಅದನ್ನು ಭೂಮಿಗೆ ಕಳಿಸುತ್ತಾನೆ. ಅಂದರೆ ತುಳುವರು ಕೈಲಾಸವನ್ನೇ ತಮ್ಮ ತೋಟದ ಹತ್ತಿರಕ್ಕೆ ಎಳೆದುಕೊಂಡರು. ತೋಟಕ್ಕೆ ನುಗ್ಗುವ ಹಂದಿಯ ಕಾಟ ಕಂಡವರ ಕಥೆ ಇದು. ಕೊಟ್ಟದ್ದೂ ಇದೆ, ತಗೊಂಡದ್ದೂ ಇದೆ. ಹಿಂದೂ ಧರ್ಮ ಬೆಳೆದದ್ದು ಹೀಗೆ ಅಂತಲೇ ನಾನು ನಂಬಿದ್ದೇನೆ.

ಈಗ ಮಾತ್ರ ಹರಿವು ಒಂದೇ ಕಡೆಗೆ. ದೈವಸ್ಥಾನ ಜೀರ್ಣೋದ್ಧಾರ ಆಗುತ್ತದೆ, ಪುನಃಪ್ರತಿಷ್ಠೆಯ ಬ್ರಹ್ಮಕಲಶ ಆಗುತ್ತದೆ, ಮಂತ್ರ ಧ್ವನಿವರ್ಧಕದಲ್ಲಿ ಕೇಳುತ್ತದೆ. ಪಾಡ್ದನ ಮೂಲೆಗೆ ಹೋಗುತ್ತದೆ. ಮಂತ್ರ ಬೇಡ ಅನ್ನುತ್ತಿಲ್ಲ. ಮಂತ್ರ ಬಂದರೇನೇ ದೈವಕ್ಕೆ ಬೆಲೆ ಅನ್ನುವ ಮನಸ್ಸಿದೆಯಲ್ಲ, ಅದು ನನಗೆ ನೋವು ಕೊಡುತ್ತದೆ.

ಇನ್ನೊಂದು ಮಾತು. ನಮ್ಮದು ಎಲ್ಲರನ್ನೂ ಒಳಗೆ ಕರೆದುಕೊಂಡ ಧರ್ಮ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ದೇವರುಗಳ ವಿಷಯದಲ್ಲಿ ಅದು ನಿಜ. ಜನರ ವಿಷಯದಲ್ಲಿ? ದೇವಸ್ಥಾನದೊಳಗೆ ಬಿಡದ ಕಾರಣಕ್ಕೇ ಬಿಲ್ಲವರು ನಾರಾಯಣ ಗುರುಗಳನ್ನು ಕರೆಸಿದರು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಆಯಿತು. ಕೋಲ ಕಟ್ಟುವ ಪಂಬದ, ಪರವ, ನಲಿಕೆಯವರ ಕಥೆ ಇನ್ನೂ ಕಠಿಣ. ರಾತ್ರಿ ಗುತ್ತಿನ, ಅಂದರೆ ಊರಿನ ದೊಡ್ಡ ಮನೆಯ, ಯಜಮಾನ ಅವರ ಮುಂದೆ ಕೈಮುಗಿದು ದೈವದ ನುಡಿ ಕೇಳುತ್ತಿದ್ದ. ಬೆಳಗಾದ ಮೇಲೆ ಕೋಲ ಕಟ್ಟಿದ ಅದೇ ಮನುಷ್ಯನಿಗೆ ಅದೇ ಮನೆಯ ಚಾವಡಿಗೆ ಪ್ರವೇಶ ಇರುತ್ತಿರಲಿಲ್ಲ.

ಹಾಗಾಗಿ ದೈವಸ್ಥಾನದ ಸಮಿತಿಯಲ್ಲಿ ಇರುವವರಿಗೆ ನನ್ನದೊಂದು ವಿನಂತಿ. ಮುಂದಿನ ನೇಮ-ಕೋಲಕ್ಕೆ ಒಂದು ಮೈಕ್ ಪಾಡ್ದನ ಹೇಳುವ ಹೆಂಗಸಿನ ಹತ್ತಿರ ಇಡಿ. ಅವಳಿಗೆ ಸರಿಯಾದ ಸಂಭಾವನೆ ಕೊಡಿ. ಅವಳು ಒಪ್ಪಿದರೆ ಪೂರ್ತಿ ರೆಕಾರ್ಡ್ ಮಾಡಿ, ಊರಿನ ಮಕ್ಕಳಿಗೆ ಕೇಳಿಸಿ.